ಗೆರೆಯಂಚಿನ ಸೂರಪ್ಪ

ದಾವಣಗೆರೆಯ ಹತ್ತಿ ಗಿರಣಿಯ ಫುಟ್‌ಬಾಲ್ ತಂಡದಲ್ಲಿ ಎಡ ಅಂಚಿಗೆ ಆಡುವವನು ಸೂರಪ್ಪ. ಹೆಸರಿಗೆ ನೂಲು ಖಾತೆಯ ಕೆಲಸಗಾರ. ಗಿರಣಿ ಸಂಬಳ ಕೊಡುತ್ತಿದ್ದದ್ದು ಅವನ ಕಾಲುಗಳಿಗೆ. ಚೆಂಡು ಸಿಕ್ಕಿತೆಂದರೆ ಒಳಗೆ ನುಗ್ಗುವವನಂತೆ ಭುಜ ಬಾಗಿಸಿ, ಹೊರಗಿನಿಂದ ಜಾರಿ, ಸುಣ್ಣದ ಗೆರೆಗೆ ಅಂಟಿಕೊಂಡೇ ಓಡುತ್ತಿದ್ದ. ಆ ಗೆರೆ ಎಳೆದುಕೊಂಡು ಹೋದರೆ ಈತ ಊರಾಚೆಯ ಬಾತಿ ಹಳ್ಳಿಯವರೆಗೂ ಓಡಿಯಾನು ಎಂದು ಜನ ನಗುತ್ತಿದ್ದರು. ಮಂಡಿಪೇಟೆಯಲ್ಲೂ ಅಂಗಡಿಗಳ ಕಟ್ಟೆಗೆ ಒರಸಿಕೊಂಡೇ ಅವನ ನಡಿಗೆ. ಖಾನಾವಳಿಯಲ್ಲಿ ಪಂಕ್ತಿಯ ಕೊನೆಯೇ ಅವನ ಜಾಗ. "ನಡುವೆ ಬರ್ರಿ ಸೂರಪ್ಪ," ಎಂದು ಖಾನಾವಳಿಯ ಮರುಳಸಿದ್ದಮ್ಮ ಕರೆದರೆ, "ಇಲ್ಲೇ ಗಾಳಿ ಐತೆ ಬಿಡ್ರಿ ಅಮ್ಮಾ," ಎನ್ನುತ್ತಿದ್ದ. ಮೂಲೆಯಿಂದ ಅವನು ತೇಲಿಬಿಟ್ಟ ಚೆಂಡಿಗೆ ನಡುವಿನವರು ತಲೆ ಕೊಟ್ಟರೆ ಗೋಲು. ತಂಡವೆಲ್ಲ ಅವರನ್ನು ಎತ್ತಿಕೊಂಡು ಕುಣಿಯುತ್ತಿತ್ತು. ಅಷ್ಟು ದೂರದಿಂದ ಸೂರಪ್ಪ ಓಡಿ ಬರುವಷ್ಟರಲ್ಲಿ ಅಪ್ಪುಗೆಯೆಲ್ಲ ಮುಗಿದಿರುತ್ತಿತ್ತು. ಬರಬರುತ್ತಾ ಓಡುವುದನ್ನೇ ಬಿಟ್ಟು, ಸೊಂಟಕ್ಕೆ ಕೈಯಿಟ್ಟು ಅಲ್ಲೇ ನಿಲ್ಲತೊಡಗಿದ. ಅರವತ್ತೆರಡನೇ ಇಸವಿಯಲ್ಲಿ ಹರಿಹರದ ಪಂದ್ಯದಲ್ಲೂ ಹಾಗೆಯೇ ನಿಂತಿದ್ದ. ಅವನನ್ನು ತಡೆಯಲು ಹೋಗಿ ಮಣ್ಣಿಗೆ ಬಿದ್ದಿದ್ದ ಹರಿಹರ ತಂಡದ ಬ್ಯಾಕ್ ಪಂಚಾಕ್ಷರಪ್ಪ ಎದ್ದು ಬಂದು, "ಎಷ್ಟ್ ಚಂದ ಕೊಟ್ಟ್ಯೋ ಮಾರಾಯಾ! ಗೋಲು ನಿಂದ," ಎಂದು ಕೈ ಚಾಚಿದ. ಗೋಲಾದ ಮೇಲೆ ಯಾರಾದರೂ ತನ್ನ ಕಡೆಗೆ ಬಂದದ್ದು ಸೂರಪ್ಪನಿಗೆ ನೆನಪಿರಲಿಲ್ಲ. ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ರೆಫರಿಯ ಸೀಟಿ ಕೇಳಿಸಿತು, ನಡುವಿನಿಂದ ಚೆಂಡು ಹೊರಟಿತು. "ಬಿಡಪ್ಪ, ಆಟ ಸುರುವಾತು," ಎಂದ ಪಂಚಾಕ್ಷರಪ್ಪ, ಮೆಲ್ಲಗೆ. ಸೂರಪ್ಪ ಬಿಡಲಿಲ್ಲ.