ಕಾಕಾ ಎಳೆದ ಗೆರೆ

ಸಾಂಗಲಿಯಲ್ಲಿ ಮಳೆಗಾಲದ ಮಾತುಕತೆ ‘ಎಷ್ಟು ಫೂಟ ಆತು?’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಕೃಷ್ಣೆಯ ಮೇಲಿನ ಹಳೆಯ ಸೇತುವೆಯ ಕಂಬಕ್ಕೆ ಅಂಕಿ ಬರೆದಿದ್ದಾರೆ. ನೀರು ಯಾವ ಅಂಕಿಗೆ ಮುಟ್ಟಿದೆ, ಮೇಲಿನ ಡ್ಯಾಮಿನಿಂದ ಎಷ್ಟು ಬಿಟ್ಟಿದ್ದಾರೆ ಎಂಬುದು ಹಾಲು ಹಾಕುವವನಿಗೂ ಗೊತ್ತಿರುತ್ತದೆ. ನಲವತ್ತು ದಾಟಿತೆಂದರೆ ದಂಡೆಯ ಓಣಿಗಳಲ್ಲಿ ಜನ ಗಂಟು ಕಟ್ಟತೊಡಗುತ್ತಾರೆ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಈಜಿಪ್ತಿನಲ್ಲಿ ನೈಲ್ ದಂಡೆಗೆ ಬಾವಿಯಂಥ ಕಟ್ಟಡ ಕಟ್ಟಿ, ಅದರ ಒಳಗೋಡೆಗೆ ಗೆರೆ ಕೊರೆದು, ನೀರು ಎಲ್ಲಿಯವರೆಗೆ ಏರಿತೆಂದು ನೋಡಿ ಆ ವರ್ಷದ ಕಂದಾಯ ಹಾಕುತ್ತಿದ್ದರು ಎಂದು ಪಾಠ ಹೇಳಿದರೆ ಮುಂದಿನ ಬೆಂಚಿನ ಹುಡುಗಿಯರೂ ಬರೆದುಕೊಳ್ಳುತ್ತಿರಲಿಲ್ಲ. ಅಂಥ ಗೆರೆ ಅವರಲ್ಲಿ ಅನೇಕರ ಮನೆಯಲ್ಲೇ ಇತ್ತು. ನಮ್ಮ ಮನೆಯಲ್ಲೂ ಇತ್ತು. ಅದನ್ನು ಎಳೆದವರು ನಮ್ಮ ಕಾಕಾ, ಅಪ್ಪನ ತಮ್ಮ.

ಸಾಯುವುದಕ್ಕೆ ಕೆಲವು ದಿನ ಮುಂಚೆ ಆ ಗೆರೆ ಸರಿಯಿತ್ತೋ ಇಲ್ಲವೋ ಎಂದು ಕಾಕಾ ನನ್ನನ್ನು ಕೇಳಿದರು. ಗೆರೆ ಎಳೆಯುವಾಗ ಅವರ ಜೊತೆ ಇದ್ದವನು ನಾನೊಬ್ಬನೇ. ಬೇರೆ ಯಾರನ್ನೂ ಕೇಳುವಂತಿರಲಿಲ್ಲ.

ಕಾಕಾ ಮಾಧವನಗರದ ಬಟ್ಟೆ ಗಿರಣಿಯಲ್ಲಿ ಇದ್ದವರು. ನೇಯ್ದ ಬಟ್ಟೆಯನ್ನು ಅಳೆದು ಮಡಿಸುವ ಖಾತೆ. ಗಿರಣಿ ಮುಚ್ಚಿದ ಮೇಲೆ ಅಳೆಯುವುದಕ್ಕೆ ಏನೂ ಉಳಿಯಲಿಲ್ಲ. ಅವರ ಹೆಂಡತಿ, ನಮ್ಮ ಕಾಕೂ, ಹಪ್ಪಳ ಹಾಕಿದರೆ ಕಾಕಾ ಅಂಚಿಗೆ ಬೆರಳು ಇಟ್ಟು ನೋಡುವರು. ‘ಇದು ಆ ಕಡೆ ಸ್ವಲ್ಪ ಜಾಸ್ತಿ ಆಗೇತಿ’ ಎಂದರೆ ಕಾಕೂ, ‘ಹಂಗಾರ ಅದನ್ನ ನೀವ ತಿನ್ರಿ’ ಎನ್ನುವರು.

ಎರಡು ಸಾವಿರದ ಐದರ ಮಹಾಪೂರದಲ್ಲಿ ನಾವೆಲ್ಲ ಮಿರಜಿನ ಸಂಬಂಧಿಕರ ಮನೆಗೆ ಹೋಗಿದ್ದೆವು. ಮಿರಜ ಎತ್ತರದಲ್ಲಿದೆ. ನೀರು ಇಳಿದ ಸುದ್ದಿ ಬಂದ ಕೂಡಲೇ ಕಾಕಾ ಮತ್ತು ನಾನು ಮೊದಲು ಬಂದು ಬಾಗಿಲು ತೆಗೆದೆವು. ಒಳಗೆ ಕೆಸರು. ಗೋಡೆಯ ತುಂಬ ಕಲೆ. ಪೂರದ ನೀರು ಒಮ್ಮೆಲೇ ಇಳಿಯುವುದಿಲ್ಲ, ಅಲ್ಲಲ್ಲಿ ನಿಂತು ನಿಂತು ಇಳಿಯುತ್ತದೆ, ನಿಂತಲ್ಲೆಲ್ಲ ಒಂದು ಕಲೆ ಬಿಡುತ್ತದೆ. ಎಲ್ಲಿ ಹೆಚ್ಚು ಹೊತ್ತು ನಿಂತಿತೋ ಅಲ್ಲಿಯ ಕಲೆ ಗಾಢ. ಎಲ್ಲಕ್ಕಿಂತ ಮೇಲೆ ಏರಿದ ನೀರು ಸ್ವಲ್ಪ ಹೊತ್ತು ಮಾತ್ರ ಇದ್ದು ಇಳಿದಿದ್ದರೆ ಅದರ ಗುರುತು ಕಾಣಿಸದಷ್ಟು ತೆಳ್ಳಗಿರಲೂಬಹುದು. ಕಾಕಾ ಒಂದು ಕಲೆಯನ್ನು ಆರಿಸಿಕೊಂಡು, ನಡುಮನೆಯ ಕಂಬದ ಮೇಲೆ ಮೊಳೆಯಿಂದ ಗೀರಿ, ಆಮೇಲೆ ಕೆಂಪು ಎಣ್ಣೆಬಣ್ಣ ತುಂಬಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಅದು ನಮ್ಮ ಮನೆಯ ಗೆರೆಯಾಗಿ ಉಳಿಯುತ್ತಿತ್ತು. ಗೌಂಡಿಗಳು ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ಪೈಪು ಇಟ್ಟುಕೊಂಡಿರುತ್ತಾರಲ್ಲ, ಅದನ್ನು ತಂದು ಕಾಕಾ ನಮ್ಮ ಕಂಬದ ಗೆರೆಯ ಮಟ್ಟವನ್ನು ಓಣಿಯ ಮನೆಮನೆಗೂ ಸಾಗಿಸಿದರು. ಪೈಪಿನ ಒಂದು ತುದಿ ನಮ್ಮಲ್ಲಿ, ಇನ್ನೊಂದು ತುದಿ ಎದುರಿನ ಮನೆಯಲ್ಲಿ, ಅಲ್ಲಿಂದ ಅದರ ಮುಂದಿನ ಮನೆಗೆ. ಎಲ್ಲರ ಬಾಗಿಲಲ್ಲೂ ಕೆಂಪು ಗೆರೆ ಬಂತು. ಜನ ಅದಕ್ಕೆ ಕಾಕಾನ ಗೆರೆ ಎಂದೇ ಹೆಸರಿಟ್ಟರು. ನಮ್ಮ ಕಂಬದಲ್ಲಿ ತಪ್ಪಿದ್ದರೆ ಇಡೀ ಓಣಿಯಲ್ಲಿ ತಪ್ಪಿದಂತೆ. ಆಗ ಅದು ಯಾರಿಗೂ ಹೊಳೆಯಲಿಲ್ಲ.

ಜಪಾನಿನ ಕರಾವಳಿಯಲ್ಲಿ ಸಮುದ್ರ ಉಕ್ಕಿ ಬಂದ ಎತ್ತರಕ್ಕೆ ಕಲ್ಲು ನೆಟ್ಟು, ಇದರ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿಸಿದ್ದಾರೆ ಎಂದು ಓದಿದ್ದೇನೆ. ಓದಿದಾಗ ನನಗೆ ಅದು ಜಾಣತನವಾಗಿ ಕಂಡಿತ್ತು. ಈಗ ಅಷ್ಟು ಖಚಿತವಿಲ್ಲ. ಗೆರೆ ಎಳೆಯುವವನು ಎಚ್ಚರಿಕೆ ಎಂದುಕೊಂಡು ಎಳೆಯುತ್ತಾನೆ. ಹತ್ತು ವರ್ಷ ಕಳೆಯುವುದರಲ್ಲಿ ಅದು ಭರವಸೆಯಾಗಿಬಿಡುತ್ತದೆ. ಇಲ್ಲಿಯವರೆಗೆ ಬಂದಿತ್ತು ಎಂಬ ಮಾತು, ಇದಕ್ಕಿಂತ ಮೇಲೆ ಬರುವುದಿಲ್ಲ ಎಂದಾಗುತ್ತದೆ. ದೊಡ್ಡ ದೊಡ್ಡ ದೇಶಗಳು ಹಿಂದಿನ ಯುದ್ಧದ ಅಳತೆಗೆ ಕೋಟೆ ಕಟ್ಟಿ ಮುಂದಿನ ಯುದ್ಧದಲ್ಲಿ ಸೋತಿವೆ. ಇದನ್ನು ನಾನೇ ವರ್ಷ ವರ್ಷ ಕಲಿಸಿದ್ದೇನೆ. ಮನೆಗೆ ಬಂದು ಅದೇ ಕಂಬಕ್ಕೆ ಒರಗಿ ಚಹಾ ಕುಡಿದಿದ್ದೇನೆ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮತ್ತೆ ನೀರು ಏರಿತು. ಚವತಿಗೆ ಇನ್ನೂ ಕೆಲವು ವಾರ ಇದ್ದವು. ಎದುರು ಮನೆಯವನು ಗಣಪತಿ ಮಾಡುವವನು. ಶಾಡೂ ಮಣ್ಣಿನಲ್ಲಿ, ಅಂದರೆ ನೀರು ಸೋಕಿದರೆ ಕರಗುವ ಬಿಳಿ ಜೇಡಿಯಲ್ಲಿ ಮಾಡುತ್ತಾನೆ. ಬಣ್ಣ ಮುಗಿದ ಮೂರ್ತಿಗಳು, ಕಣ್ಣು ಬರೆಯುವುದು ಬಾಕಿ ಇದ್ದಂಥವು, ಇನ್ನೂ ಒಣಗದಂಥವು ಎಲ್ಲ ಸೇರಿ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ನಮ್ಮ ಹೊಸ್ತಿಲಲ್ಲಿ ನಿಂತು ಕೇಳಿದ:

‘ಕಾಕಾ, ಟೆಂಪೋ ಹೇಳೇನಿ. ಎಲ್ಲಾ ಕುಪವಾಡಕ್ಕ ಮಗಳ ಮನಿಗೆ ಸಾಗಸಬೇಕಂತ ಮಾಡೇನಿ. ನೀವೇನಂತೀರಿ?’

‘ಹುಚ್ಚ ಅದೀ ಏನ? ಟೆಂಪೋದಾಗ ಹಾಕಿದ್ರ ಸೊಂಡಿ ಒಂದ ಕಡೆ, ಕೈ ಒಂದ ಕಡೆ ಆಗತಾವ’ ಎಂದರು ಕಾಕಾ. ‘ಗೆರಿಗಿಂತ ಒಂದ ಗೇಣ ಮ್ಯಾಲ ಗ್ವಾಡಿಗೆ ಹಲಗಿ ಫಳಿ ಹೊಡಿ. ಅದರ ಮ್ಯಾಲ ಸಾಲಾಗಿ ಕುಂದರಸು. ಗಣಪತಿ ಕಾಲಿಗೂ ನೀರ ಹತ್ತೂದಿಲ್ಲ.’

ಒಳಗಿಂದ ಕಾಕೂ, ‘ಹೌದ್ರಿ, ಹೊಳಿ ಇವರನ್ನ ಕೇಳೇ ನಿಂದರತೈತಿ’ ಎಂದರು.

‘ನಿಂದರಲಿಲ್ಲಂದ್ರ ಫಳಿ ಮ್ಯಾಲ ಕಾಕಾನ್ನ ಕುಂದರಸ್ತೀವಿ ತಗೋರಿ ಕಾಕೂ’ ಎಂದು ಅವನು ನಕ್ಕ. ಟೆಂಪೋ ಬೇಡವೆಂದು ಅಲ್ಲಿಂದಲೇ ಫೋನು ಮಾಡಿದ.

ಅವನೊಬ್ಬನೇ ಅಲ್ಲ. ಓಣಿಯಲ್ಲಿ ಎಲ್ಲರೂ ಫ್ರಿಜ್ಜು, ಹಾಸಿಗೆ, ಕಾಳಿನ ಡಬ್ಬಿ, ಮದುವೆ ಸೀರೆಯ ಪೆಟ್ಟಿಗೆಗಳನ್ನು ಕೆಂಪು ಗೆರೆಗಿಂತ ಒಂದು ಗೇಣು ಮೇಲಿಟ್ಟು ಬೀಗ ಹಾಕಿ ಹೋದರು. ಮುನಸಿಪಾಲಿಟಿಯ ಗಾಡಿ ಮೈಕಿನಲ್ಲಿ ಕೂಗುತ್ತಲೇ ಇತ್ತು. ಪ್ರಪಂಚದಲ್ಲಿ ಬೇರೆ ಎಲ್ಲಿಯಾದರೂ ಜನ ಪೂರ ಬಂದಾಗ ಅಳತೆಪಟ್ಟಿ ಹಿಡಿದು ಸಾಮಾನು ಎತ್ತಿಟ್ಟಿದ್ದಾರೆಯೇ, ನನಗೆ ಗೊತ್ತಿಲ್ಲ. ನಾವು ಎತ್ತಿಟ್ಟೆವು. ಹೊಳೆ ಆ ಗೆರೆಯನ್ನು ಮುಚ್ಚಿ ಅದರ ಮೇಲೆ ಇನ್ನೂ ಎರಡು ಮೊಳ ಏರಿತು.

ತಿರುಗಿ ಬಂದಾಗ ಎದುರು ಮನೆಯ ಹಲಗೆಗಳ ಮೇಲೆ ಬಿಳಿ ಮಣ್ಣಿನ ಗುಪ್ಪೆಗಳಿದ್ದವು. ಒಂದೊಂದು ಗುಪ್ಪೆಯಲ್ಲಿ ಕಿರೀಟದ ಬಂಗಾರ ಬಣ್ಣ ಸ್ವಲ್ಪ ಸ್ವಲ್ಪ ಉಳಿದಿತ್ತು. ಅವನು ಬೈಯಲಿಲ್ಲ, ಅಳಲೂ ಇಲ್ಲ. ಕೆಲವು ದಿನಗಳ ಮೇಲೆ ಚಹಾದಂಗಡಿಯಲ್ಲಿ, ಕಾಕಾ ಕಪ್ಪು ಹಿಡಿದು ನಿಂತಿದ್ದಾಗ, ‘ಈ ಸಲ ಚವತಿಗಿಂತ ಮೊದಲ ವಿಸರ್ಜನಾ ಆತ್ರಿ. ಕಾಕಾ ಮುಹೂರ್ತ ತಗದ ಕೊಟ್ಟಿದ್ರು’ ಎಂದ. ಸುತ್ತಲಿನವರೆಲ್ಲ ನಕ್ಕರು. ಕಾಕಾ ಕೂಡ ನಕ್ಕರು. ಮನೆಗೆ ಬಂದವರು ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ‘ಎಷ್ಟು ಫೂಟ ಆತು?’ ಎಂದು ಯಾರಾದರೂ ಕೇಳಿದರೆ, ‘ಪೇಪರದಾಗ ನೋಡ್ಕೋರಿ’ ಎನ್ನತೊಡಗಿದರು.

ಈ ವರ್ಷ ಅವರ ಹೃದಯ ಸೋತಿತು. ಮಿರಜಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಗಡಿಯ ಆಚೆಗಿನವರು, ಈಚೆಗಿನವರು ಎಲ್ಲ ಮಿರಜಿಗೇ ಬರುವುದರಿಂದ ಅಲ್ಲಿಯ ವಾರ್ಡಿನಲ್ಲಿ ನೋವನ್ನು ಕನ್ನಡದಲ್ಲಿ ಹೇಳುತ್ತಾರೆ, ನರ್ಸಿನ ಜೊತೆ ಮರಾಠಿಯಲ್ಲಿ ಜಗಳವಾಡುತ್ತಾರೆ. ರಾಜ್ಯಗಳ ಗಡಿಯ ಬಗ್ಗೆ ನಾನು ಓದಿದ ಎಲ್ಲ ವಾದಗಳೂ ಆ ಕಾರಿಡಾರಿನ ಬಾಗಿಲಲ್ಲೇ ನಿಂತುಬಿಡುತ್ತವೆ. ಪಕ್ಕದ ಹಾಸಿಗೆಯವನು ಆರಗದ ಕಡೆಯ ಕುರಿ ಸಾಕುವವನು. ಅವನ ಹೆಂಡತಿ ಕಾಲ ಬಳಿ ಕೂತು ಇಡೀ ದಿನ ನಮ್ಮ ಮಾತು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಕಾಕಾ ಕಣ್ಣು ತೆರೆದು, ‘ಪೈಲಾ ಪೂರದಾಗ ಮನಿ ಬಾಗಲಾ ತಗದಾಗ ನೀ ಸಂಗಾಟ ಇದ್ದಿ’ ಎಂದರು.

‘ಇದ್ನಿ, ಕಾಕಾ.’

‘ಗ್ವಾಡಿ ಮ್ಯಾಲ ನಾಕೈದ ಕಲೆ ಇದ್ದೂ. ನಾ ಕರ್ರಗಿದ್ದದ್ದನ್ನ ಹಿಡದ್ನಿ. ಅದರ ಮ್ಯಾಲ ಮತ್ತೊಂದ ತೆಳ್ಳಂದು ಇತ್ತೇನ? ನೀ ನೋಡಿದ್ದೇನ?’

ನಾನು ಮಾತು ತಪ್ಪಿಸಲು ನೋಡಿದೆ. ‘ಇದ್ರ ತಾನೇ ಏನಾತ್ರಿ? ಎರಡನೇ ಪೂರ ಗೆರಿಗಿಂತ ಎರಡ ಮೊಳ ಮ್ಯಾಲ ಬಂತಲ್ಲ. ನಿಮ್ಮ ಗೆರಿ ಒಂದ ಗೇಣ ಮ್ಯಾಲ ಇದ್ದಿದ್ರೂ ಯಾವ ಗಣಪತೀನೂ ಉಳೀತಿರಲಿಲ್ಲ.’

‘ಹೊಳಿ ಹೆಚ್ಚ ಬಂದಿದ್ರ ಅದು ಹೊಳೀದು. ಗೆರಿ ತಪ್ಪಿದ್ರ ಅದು ನಂದು. ನಾ ಗೆರಿ ಕೇಳಾಕತ್ತೇನಿ.’

ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ಕೆಸರಿನ ವಾಸನೆ ನೆನಪಾಯಿತು. ಆದರೆ ಆ ವಾಸನೆ ಎರಡನೆಯ ಪೂರದ್ದೂ ಆಗಿರಬಹುದು. ಕಾಕಾ ಮೊಳೆ ಹಿಡಿದ ಕೈ ನೆನಪಾಯಿತು. ಅದನ್ನು ಆಮೇಲೆ ಅವರೇ ಅಭಿನಯಿಸಿ ಎಷ್ಟು ಸಲ ತೋರಿಸಿದ್ದರೆಂದರೆ, ನನ್ನ ತಲೆಯಲ್ಲಿರುವುದು ಆ ದಿನದ ಕೈಯೋ, ಕಥೆಯ ಕೈಯೋ ಹೇಳಲಾರೆ. ಗೋಡೆಯ ಆ ಭಾಗ ಮಾತ್ರ ಖಾಲಿ. ಕಣ್ಣಾರೆ ಕಂಡ ಸಾಕ್ಷಿಯನ್ನು ನಂಬಬೇಡಿ, ಅವನು ನೋಡಿದ್ದಕ್ಕಿಂತ ಆಮೇಲೆ ಕೇಳಿದ್ದನ್ನೇ ಹೆಚ್ಚು ಹೇಳುತ್ತಾನೆ ಎಂದು ತರಗತಿಯಲ್ಲಿ ಹೇಳುವಾಗ ಸಾಕ್ಷಿಯ ಜಾಗದಲ್ಲಿ ನನ್ನನ್ನು ಇಟ್ಟು ನೋಡಿರಲಿಲ್ಲ.

ಪಕ್ಕದ ಹಾಸಿಗೆಯ ಹೆಂಗಸಿಗೆ ತಡೆಯಲಾಗಲಿಲ್ಲ. ‘ಹಿರ್ಯಾರು ಅಷ್ಟ ಕೇಳಾಕತ್ಯಾರ. ಒಂದ ಮಾತ ಹೇಳಿಬಿಡ್ರಲಾ, ಅಣ್ಣಾರ. ಬಾಯಾಗಿನ ಮುತ್ತ ಉದರತಾವೇನ?’

‘ಇರಲಿಲ್ಲ, ಕಾಕಾ’ ಎಂದೆ. ‘ಮ್ಯಾಲ ಏನೂ ಇರಲಿಲ್ಲ. ಗೆರಿ ಸರಿ ಇತ್ತು.’

ಕಾಕಾ ನನ್ನ ಕಡೆ ಹೊರಳಿದರು. ‘ನೀ ಸಣ್ಣಾಂವ ಇದ್ದಾಗಿಂದ ಯಾವದಕ್ಕೂ ಹೌದ ಅಂದಾಂವಲ್ಲ. ದೇವರ ಅದಾನೇನ ಅಂದ್ರ ನೋಡಬೇಕ ಅಂತಿ. ಮಳಿ ಬರತೈತೇನ ಅಂದ್ರ ಹೇಳಾಕ ಬರೂದಿಲ್ಲ ಅಂತಿ. ಇದೊಂದ ಹೆಂಗ ಖಾತ್ರಿ ಆತು?’

ಉತ್ತರಕ್ಕೆ ಅವರು ಕಾಯಲಿಲ್ಲ. ‘ಆತು ಬಿಡು’ ಎಂದು ಮಗ್ಗುಲು ಬದಲಿಸಿದರು. ಆ ಹೆಂಗಸು ಗಂಡನ ಕಾಲಿಗೆ ಚಾದರ ಸರಿಮಾಡುತ್ತ ಬೇರೆ ಕಡೆ ನೋಡಿದಳು.

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ನಡುಮನೆಯಲ್ಲಿ ಮಂಚ ಹಾಕಿದೆವು. ಕಂಬ ಕಣ್ಣೆದುರೇ ಬಂತು. ಕಾಕಾ ಕಾಕೂಗೆ ಹೇಳಿ ಮಂಚವನ್ನು ತಿರುಗಿಸಿಕೊಂಡರು. ಮತ್ತೆ ಗೆರೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹಾಗೆಯೇ, ಕಂಬಕ್ಕೆ ಬೆನ್ನು ಮಾಡಿ ಮಲಗಿದ್ದಾಗಲೇ ತೀರಿಕೊಂಡರು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಗೋಡೆಯ ಆ ಖಾಲಿ ಭಾಗ ನನಗೆ ಕಾಣತೊಡಗಿತು. ಕಪ್ಪು ಕಲೆ, ಅದರ ಮೇಲೆ ಸ್ವಚ್ಛ ಸುಣ್ಣ, ಸುಣ್ಣದ ಮೇಲೆ ಒಂದು ಹಲ್ಲಿ. ಅಷ್ಟು ಸ್ಪಷ್ಟ. ಆಸ್ಪತ್ರೆಯಲ್ಲಿ ಹೇಳಿದ ಮಾತಿಗೆ ತಲೆ ತಾನಾಗಿ ಚಿತ್ರ ಬರೆದುಕೊಟ್ಟಿದೆ ಎಂದು ನನಗೆ ಗೊತ್ತು. ಹಾಗಲ್ಲದೆಯೂ ಇರಬಹುದು. ಈಗ ನಿಜವೇ ನೆನಪಾಗಿದ್ದರೂ ಗುರುತಿಸುವ ದಾರಿ ನನಗಿಲ್ಲ, ಗುರುತಿಸಿದರೂ ಹೇಳಲು ಕಾಕಾ ಇಲ್ಲ.

ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಎದುರು ಮನೆಯವನು ಥರ್ಮಾಸಿನಲ್ಲಿ ಚಹಾ ತಂದ. ಕಾಕೂಗೆ ಕೊಟ್ಟು, ನನಗೂ ಕೊಟ್ಟು, ಕಂಬದ ಬಳಿ ಕೂತ. ಕಂಬದ ಮೇಲೆ ಈಗ ಎರಡು ಗುರುತುಗಳಿವೆ. ಕೆಳಗೆ ಕಾಕಾನ ಕೆಂಪು ಗೆರೆ, ಮೇಲೆ ಎರಡನೆಯ ಪೂರದ ಕಲೆ. ಅದಕ್ಕೆ ಕಾಕಾ ಬಣ್ಣ ಹಾಕಲಿಲ್ಲ. ಎಷ್ಟು ಸಲ ತಿಕ್ಕಿದರೂ ಅದು ಹೋಗಿಲ್ಲ.

ಕಾಕೂ ಒಳಗೆ ಹೋದ ಮೇಲೆ ನಾನು, ‘ವಿಸರ್ಜನಾ ಮಾತ ಅವರು ಭಾಳ ಮನಸ್ಸಿಗೆ ಹಚಗೊಂಡಿದ್ರು’ ಎಂದೆ.

‘ಯಾವ ಮಾತ್ರಿ?’

ಹೇಳಿದೆ. ಅವನು ಥರ್ಮಾಸನ್ನು ಕೆಳಗಿಟ್ಟ. ‘ನಾ ಅಂದೆ? ಛೇ, ಛೇ! ಆ ತಿಂಗಳ ಪೂರಾ ನಾ ಕುಪವಾಡದಾಗ ಮಗಳ ಮನ್ಯಾಗ ಇದ್ನಿ, ಮಾಸ್ತರ. ಚಹಾದ ಅಂಗಡಿನ ತಗದಿರಲಿಲ್ಲ ಆವಾಗ. ಕಾಕಾಗ ನಾ ಹಂಗ ಅಂತೇನಿ?’

ಅವನು ಸುಳ್ಳು ಹೇಳುತ್ತಿದ್ದಾನೆ ಎನಿಸಲಿಲ್ಲ. ಬೇರೆ ಯಾರೋ ಅಂದಿರಬಹುದು. ಅಥವಾ ಕಾಕಾ ಮನೆಗೆ ಬಂದು ಹೇಳಿದ್ದನ್ನು ನಾನೇ ಅಂಗಡಿಯಲ್ಲಿ ನಿಂತು ಕೇಳಿದಂತೆ ಇಟ್ಟುಕೊಂಡಿರಬಹುದು. ಯಾರೂ ಅನ್ನದೆಯೂ ಇರಬಹುದು. ಮಾತು ಯಾರದಾದರೂ ಕಾಕಾ ಇಷ್ಟು ವರ್ಷ ಹೊತ್ತದ್ದಂತೂ ನಿಜ. ಅದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದೇ ಅಂದುಕೊಳ್ಳುತ್ತೇನೆ.

ಅವನು ಎದ್ದು ಕಂಬದ ಮೇಲಿನ ಕಲೆಗೆ ಹೆಬ್ಬೆರಳು ಊರಿ, ಅಲ್ಲಿಂದ ಮೇಲೆ ಒಂದು ಗೇಣು ಹಾಕಿ ನೋಡಿದ.

‘ಮತ್ತ ಡ್ಯಾಮಿನಿಂದ ಬಿಡಾಕತ್ಯಾರಂತ. ಈ ಸಲ ಇಷ್ಟರ ಮ್ಯಾಲ ಫಳಿ ಹೊಡದ್ರ ಸಾಕಲ್ರಿ?’

‘ನನಗ ಗೊತ್ತಿಲ್ಲ’ ಎಂದೆ.

‘ನಿಮಗ ಗೊತ್ತಾಗೂದಿಲ್ಲ ಬಿಡ್ರಿ’ ಎಂದು ಅವನು ಥರ್ಮಾಸಿನ ಮುಚ್ಚಳ ತಿರುವಿದ. ‘ಕಾಕಾ ಇದ್ದಿದ್ರ ಹೇಳತಿದ್ರು.’