ಪಡದೆಯ ಹಿಂದಿನ ಪಡೆ

ಹೊಂಚು ಹಾಕಿ ಮೇಲೆ ಬೀಳುವುದು ಕಾಡಿನ ವಿದ್ಯೆ ಎಂದು ನಂಬಿದವರು ಜಹೀರಾಬಾದಿನ ನಮ್ಮ ಸೋದರತ್ತೆಯನ್ನು ಕಂಡಿಲ್ಲ. ನಾನಾಗ ತಾಂಡೂರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದೆ. ಮೂವತ್ತು ದಾಟಿತ್ತು. ಮದುವೆಯ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಿದ್ದೆ. ಇದ್ದಕ್ಕಿದ್ದಂತೆ ಅತ್ತೆ ಆ ಮಾತೆತ್ತುವುದನ್ನೇ ಬಿಟ್ಟಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಒಂದು ಭಾನುವಾರ, "ಹೋಳಿಗಿ ಮಾಡೀನಿ, ಉಂಡು ಹೋಗು ಬಾ" ಎಂದಳು. ಹಳೆಯ ಚೂಡಿದಾರದಲ್ಲೇ ಬಸ್ಸು ಹತ್ತಿ, ಬೆವರುತ್ತ ಹೋದೆ. ಅತ್ತೆ ಕೂರಿಸಿ ನೀರು ಕೊಟ್ಟಳು. ಜೊತೆಗೆ ಬಾಚಣಿಗೆಯನ್ನೂ ಕೊಟ್ಟಳು. ಅಷ್ಟರಲ್ಲಿ ಒಳಕೋಣೆಯ ಪಡದೆಯ ಹಿಂದೆ ಯಾರೋ ಸೀನಿದರು.

"ಯಾರದಾರ ಒಳಗ?"

"ಬೆಕ್ಕು," ಎಂದಳು ಅತ್ತೆ.

ಬೆಕ್ಕು ಮತ್ತೊಮ್ಮೆ ಸೀನಿ "ಶಿವ ಶಿವಾ" ಎಂದಿತು. ನಾನು ಎದ್ದು ಪಡದೆ ಸರಿಸಿದೆ. ಮಂಚದ ಮೇಲೆ, ಜೋಳದ ಚೀಲಗಳ ಮೇಲೆ ಕೊಹೀರಿನ ಒಂದಿಡೀ ಬಳಗ ಉಸಿರು ಬಿಗಿಹಿಡಿದು ಕೂತಿತ್ತು. ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು ಮೂಗು ಒರೆಸಿಕೊಳ್ಳುತ್ತ, "ಹುಡುಗೀನ ಇದ್ದಂಗ ನೋಡಬೇಕಂತ ಬಂದೀವಿ ತಂಗಿ. ಸಿಂಗಾರ ಮಾಡ್ಕೊಂಡ್ರ ಖರೇ ಬಣ್ಣ ಗೊತ್ತಾಗಲ್ಲ," ಎಂದರು.

ದನದ ಸಂತೆಯಲ್ಲಿ ಎತ್ತು ಕೊಳ್ಳುವವರಾದರೂ ಎದುರಿಗೆ ನಿಂತು ಹಲ್ಲು ಎಣಿಸುತ್ತಾರೆ.

"ಹುಡುಗ ಯಾರ್ರಿ?" ಕೇಳಿದೆ.

ಮೂಲೆಯಿಂದ ಕುರುಚಲು ಗಡ್ಡದವನೊಬ್ಬ ಎದ್ದು ನಿಂತ. ಅವನ ಮುಖ ನನ್ನ ಮುಖಕ್ಕಿಂತ ಹೆಚ್ಚು ಬಿಳಿಚಿಕೊಂಡಿತ್ತು. "ನನಗ ಟ್ರ್ಯಾಕ್ಟರ್ ನೋಡಾಕ ಹೋಗಾಮು ಅಂತ ಕರ್ಕೊಂಡು ಬಂದಾರ್ರಿ," ಎಂದ. "ಪಡದೆ ಹಿಂದ ಕುಂದರು ಅಂದಾಗ ಇದೆಂಥ ಟ್ರ್ಯಾಕ್ಟರ್ ಅಂತ ನಂಗೂ ತಿಳೀಲಿಲ್ಲ."

ಸಿಟ್ಟಿನ ನಡುವೆಯೂ ನಗು ಬಂತು. "ಟ್ರ್ಯಾಕ್ಟರನ್ನೂ ಹಿಂಗೇ ಅಡಗಿ ಕುಂತು ನೋಡ್ತೀರೇನ್ರಿ?" ಎಂದೆ.

"ಟ್ರ್ಯಾಕ್ಟರ್ ಓಡಿ ಹೋಗಲ್ಲಲ್ಲ ತಂಗಿ," ಎಂದರು ಹಿರಿಯರು, ಬಹಳ ಶಾಂತವಾಗಿ.

ನಾನು ನನ್ನ ಕೈಚೀಲ ಎತ್ತಿಕೊಂಡು ಹೊರಟೆ. ಹುಡುಗನೂ ಹಿಂದೆಯೇ ಬಂದು ಆಟೋ ನಿಲ್ಲಿಸಿದ. ನನ್ನನ್ನು ಬಸ್ ನಿಲ್ದಾಣಕ್ಕೆ ಬಿಟ್ಟು, ತಾನು ಟ್ರ್ಯಾಕ್ಟರ್ ಅಂಗಡಿಗೇ ಹೋದ.

ಸಂಜೆ ಅತ್ತೆಯ ಫೋನ್. "ಹೇಳಿ ಕರದಿದ್ರ ನೀ ಬರ್ತಿದ್ದೇನು?"

"ಇಲ್ಲ."

"ಮತ್ತ? ಅದಕ್ಕ!"

ಹೊಂಚಿನ ಅರ್ಥವನ್ನು ಯಾವ ಸೇನಾಪತಿ ಇದಕ್ಕಿಂತ ಚೆನ್ನಾಗಿ ಹೇಳಿಯಾನು? ಕೇಳಿದರೆ ಹೆಣ್ಣು ಒಲ್ಲೆ ಎಂದಾಳು, ಆದ್ದರಿಂದ ಕೇಳಲೇಬಾರದು. ಇದು ನಮ್ಮ ಬಳಗದ ಯುದ್ಧನೀತಿ.

ಆ ಹುಡುಗನಿಗೆ ಬೀದರಿನ ಕಡೆಯ ಹೆಣ್ಣು ಗೊತ್ತಾಯಿತಂತೆ. ಹೋದ ವಾರ ಅತ್ತೆ ನಾರಾಯಣಖೇಡದಿಂದ ಫೋನ್ ಮಾಡಿ, ಗೃಹಪ್ರವೇಶ ಇದೆ, ತಪ್ಪದೆ ಬಾ ಎಂದಳು. ಮನೆ ಯಾರದೆಂದು ಕೇಳಿದೆ.

"ಲೈನ್ ಬರೋಬ್ಬರಿ ಇಲ್ಲವ್ವ," ಎಂದಳು.