ಅಂಗೈ ಮುಚ್ಚಿದ ಹಾಳೆ

ರಟ್ಟಿನ ಪ್ಯಾಡಿನ ಕ್ಲಿಪ್ಪು ಹಾಳೆಯನ್ನು ಕಚ್ಚಿಕೊಳ್ಳುವಾಗ ಟಕ್ ಎಂದು ಒಂದು ಸದ್ದಾಗುತ್ತದಲ್ಲ, ಅದು ನಿಮಗೆ ಪರೀಕ್ಷೆಯ ದಿನಗಳನ್ನು ನೆನಪಿಸಬಹುದು. ನನಗೆ ಮಾತ್ರ ಒಂದು ಕಾಫಿ ಕಣ ನೆನಪಾಗುತ್ತದೆ. ಕಳೆದ ತಿಂಗಳು ಒಂದು ಭಾನುವಾರ ಪಕ್ಕದ ಮನೆಯ ರೇಷ್ಮ ಅಂಥದೊಂದು ಪ್ಯಾಡು ಹಿಡಿದುಕೊಂಡು ವಯನಾಡಿನ ಪಯ್ಯಂಪಳ್ಳಿಯಲ್ಲಿರುವ ನಮ್ಮ ಮನೆಯ ಜಗಲಿಗೆ ಬಂದು ಕೂತಳು. ಮನಃಶಾಸ್ತ್ರ ಓದುತ್ತಿರುವ ಹುಡುಗಿ. ಈ ಸಲ ಅವಳಿಗೆ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಪಾಠ ಇದೆಯಂತೆ. ಯಾರಾದರೊಬ್ಬರನ್ನು ನೌಕರರೆಂದು ಭಾವಿಸಿ, ಮಾತಾಡಿಸಿ, ಅವರ ಗುಣದೋಷಗಳ ಫಾರಂ ತುಂಬಿ ತರಬೇಕಂತೆ.

"ಅಜ್ಜಿ, ನೀವು ಮೈಸೂರಲ್ಲಿ ಎಚ್‌ಆರ್‌ನಲ್ಲೇ ಇದ್ದೋರಲ್ವಾ? ನೀವೇ ನನ್ನ ನೌಕರರು" ಎಂದಳು.

ಇದ್ದದ್ದು ನಿಜ. ಒಂದು ಕಾರ್ಖಾನೆಯಲ್ಲಿ ಕೂದಲು ಹಣ್ಣಾಗುವವರೆಗೆ ಅದೇ ಕೆಲಸ ಮಾಡಿ, ಆಮೇಲೆ ಊರಿಗೆ ಮರಳಿದೆ. ನಾನು ಓದುವಾಗ ಅದಕ್ಕೆ ಇಷ್ಟು ದೊಡ್ಡ ಹೆಸರಿರಲಿಲ್ಲ, ಸಿಬ್ಬಂದಿ ನಿರ್ವಹಣೆ ಎನ್ನುತ್ತಿದ್ದರು. ತೇಗ, ಬೀಟೆಗಳು ಆಗಲೂ ಸಂಪನ್ಮೂಲಗಳೇ. ಮನುಷ್ಯರಿಗೆ ಆ ಪದವಿ ಆಮೇಲೆ ಸಿಕ್ಕಿತು.

ಮೈಸೂರಿನಲ್ಲಿ ನಮಗೆ ಈ ಪಾಠ ಹೇಳುತ್ತಿದ್ದ ಮೇಷ್ಟ್ರು ತೆಳ್ಳಗಿನ, ಬಹಳ ಅಚ್ಚುಕಟ್ಟಿನ ಮನುಷ್ಯ. ಕೆಲಸಕ್ಕೆ ಜನರನ್ನು ಆರಿಸುವುದು ಹೇಗೆ, ಅವರ ದೂರು ಕೇಳುವುದು ಹೇಗೆ, ಅವರನ್ನು ಅಳೆಯುವುದು ಹೇಗೆ, ಎಲ್ಲಕ್ಕೂ ಅವರಲ್ಲಿ ಒಂದೊಂದು ವಿಧಾನವಿತ್ತು. ನನಗೆ ಬಹಳ ಹಿಡಿಸಿದ್ದು ಮೌನದ ವಿಧಾನ. ಪ್ರಶ್ನೆ ಕೇಳಿ ಸುಮ್ಮನಾಗಬೇಕು, ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಎದುರಿನವರು ಆ ಖಾಲಿಯನ್ನು ತಾವೇ ತುಂಬುತ್ತಾರೆ ಎನ್ನುತ್ತಿದ್ದರು. ರಜೆಗೆ ಊರಿಗೆ ಬಂದವಳು ಮೊದಲು ನಮ್ಮ ಅಜ್ಜಿಯ ಮೇಲೆ ಇದನ್ನು ಪ್ರಯೋಗಿಸಿದೆ. ನಾನು ಏಳರವರೆಗೆ ಎಣಿಸುವಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು.

ನಾವು ಎಷ್ಟೋ ತಲೆಮಾರಿನ ಹಿಂದೆ ಘಟ್ಟದ ಆಚೆ, ಮೈಸೂರು ಕಡೆಯಿಂದ ಬಂದು ವಯನಾಡಿನಲ್ಲಿ ಗದ್ದೆ ಮಾಡಿಕೊಂಡು ನಿಂತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕಚೇರಿಯಲ್ಲಿ ಮಲಯಾಳ. ಗದ್ದೆಯ ಕೆಲಸಕ್ಕೆ ಕಾಡಂಚಿನ ಹಾಡಿಯಿಂದ ಬೆಟ್ಟಕುರುಬರು ಬರುತ್ತಿದ್ದರು. ಅವರದೂ ಒಂದು ಬಗೆಯ ಕನ್ನಡವೇ. ಅವರಲ್ಲಿ ಕೆಂಪಿ ಎಂಬವಳು ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ನಾಟಿಗೆ ಇಳಿದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಗದ್ದೆಯ ಒಡೆಯರ ಮಗಳೆಂದು ನನ್ನನ್ನು ಚಿಕ್ಕವ್ವ ಎಂದೇ ಕರೆಯುತ್ತಿದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವಾಗ ಅವಳ ಬೆರಳುಗಳನ್ನು ನೋಡುತ್ತ ನಾನು ಊಟ ಮರೆಯುತ್ತಿದ್ದೆನಂತೆ. ಅವಳಿಗೆ ಮಾತ್ರ ನಮ್ಮ ಹಿತ್ತಲ ಕಲ್ಲಿನ ಮೇಲೆ ಬಾಳೆಲೆ ಹಾಕುತ್ತಿದ್ದರು. ಅದರಲ್ಲಿ ವಿಚಿತ್ರವಾದದ್ದೇನೂ ನನಗಾಗ ಕಂಡಿರಲಿಲ್ಲ.

ಎಪ್ಪತ್ತರ ಆಸುಪಾಸಿನ ಆ ವರ್ಷಗಳು ನಿಮಗೆ ಗೊತ್ತಿರಬಹುದು. ನಕ್ಸಲೀಯರು ತಿರುನೆಲ್ಲಿಯ ಕಾಡಿನಲ್ಲಿದ್ದಾರೆ ಎಂಬ ಸುದ್ದಿ, ಜಮೀನುದಾರರ ಮನೆಗಳಲ್ಲಿ ಹೆದರಿಕೆ, ಶಾಲೆಯ ಕೋಣೆಗಳಲ್ಲಿ ಪೊಲೀಸರ ಬಿಡಾರ. ಹಾಡಿಯವರು ಯಾರಿಗೆ ಅಕ್ಕಿ ಕೊಟ್ಟರು, ಯಾರಿಗೆ ದಾರಿ ತೋರಿಸಿದರು ಎಂದು ಎಲ್ಲರ ಮೇಲೂ ಕಣ್ಣು. ಇಂಥ ಹೊತ್ತಿನಲ್ಲಿ, ಇಪ್ಪತ್ತು ವರ್ಷದ ನಾನು ಒಂದು ರಟ್ಟಿನ ಪ್ಯಾಡು ಹಿಡಿದು ಕಾಫಿ ತೋಟಕ್ಕೆ ಹೊರಟೆ. ಕಾಲೇಜಿಗೆ ವರದಿ ಬರೆಯಬೇಕಿತ್ತು. ತೋಟದ ಮ್ಯಾನೇಜರು ಅಪ್ಪನಿಗೆ ಪರಿಚಯ. ಮಗಳು ಓದುತ್ತಾಳೆ ಎಂದರೆ ಅವರಿಗೂ ಖುಷಿ. ಫಾರಂಗಳಿಗೆ ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಬೇಕು, ಮೇಲಿನದು ತೋಟಕ್ಕೆ, ಕೆಳಗಿನದು ನನಗೆ ಎಂದು ಮಾತಾಯಿತು. ಪೊಲೀಸರು ಬಿಡಾರ ಮಾಡಿರುವ ಊರಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮನಸ್ಸಿನ ಮಾತು ಬರೆದುಕೊಳ್ಳುವುದು ಎಂಥ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ. ಪುಸ್ತಕದಲ್ಲಿ ಆ ಅಧ್ಯಾಯ ಇರಲಿಲ್ಲ.

ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನನಗೊಂದು ಕುರ್ಚಿ ಹಾಕಿಸಿಕೊಟ್ಟರು. ಮಾತಾಡುವವರು ಸಮಾನ ಎತ್ತರದಲ್ಲಿ ಕೂರಬೇಕು ಎಂದು ನನ್ನ ನೋಟ್ಸಿನಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದೆ. ಬಂದ ಹೆಂಗಸರೆಲ್ಲ ನೆಲದ ಮೇಲೆ ಕೂತರು, ನಾನು ಕುರ್ಚಿ ಬಿಟ್ಟು ಇಳಿಯಲಿಲ್ಲ. ಏನು ಕೇಳಿದರೂ "ಎಲ್ಲ ಚೆನ್ನಾಗದೆ" ಎನ್ನುತ್ತಿದ್ದರು. ಹತ್ತು ಎಣಿಸಿದರೆ ಅವರೂ ಹತ್ತು ಎಣಿಸುವವರಂತೆ ನನ್ನನ್ನೇ ನೋಡುತ್ತಿದ್ದರು. ಎರಡು ದಿನ ಕಳೆದರೂ ವರದಿಗೆ ಒಂದು ಸಾಲು ಹುಟ್ಟಲಿಲ್ಲ.

ಮೂರನೆಯ ದಿನ ಕೆಂಪಿ ಬಂದಳು. ಅವಳಾಗ ತೋಟದಲ್ಲಿ ಕಳೆ ತೆಗೆಯುವ ಸಾಲಿನಲ್ಲಿದ್ದಳು. ಅವಳ ಜೊತೆ ನನಗೆ ಯಾವ ವಿಧಾನವೂ ಬೇಕಾಗಲಿಲ್ಲ. ಕೇಳಿದವಳು ನಾನಲ್ಲವೇ, ಹೇಳಿದಳು.

"ನಮ್ಮ ಸಾಲಿನ ಮಾಸ್ತಿಗೆ ತಿಂಗಳು ತುಂಬಿತ್ತು ಚಿಕ್ಕವ್ವ. ಮೇಸ್ತ್ರಿ ಅವ್ಳನ್ನ ಕಡಿದಾದ ಬರೆಗೆ ಕಳೆ ಕೀಳೋ ಪಣಿಗೆ ಹತ್ತು ಅಂದ. ನಾನು ಕತ್ತಿ ನೆಲಕ್ಕಿಟ್ಟು ಕೂತ್ಕಂಡೆ. ಏನೂ ಮಾತಾಡ್ಲಿಲ್ಲ. ಒಬ್ಬೊಬ್ಬಳಾಗಿ ಎಲ್ರೂ ಕೂತ್ರು. ಆಮೇಲೆ ಅವನೇ ಅವ್ಳನ್ನ ಕಣಕ್ಕೆ ಕಳ್ಸಿದ. ಅಷ್ಟೇ."

"ಅವರಿಗೆ ನೀನು ಮೊದಲೇ ಹೇಳಿದ್ದೆಯಾ?"

"ಏನು ಹೇಳೋದು? ಬೈಗಿಗೆ ಎಲ್ರೂ ನನ್ನ ಅಂಗಳಕ್ಕೆ ಬರ್ತಾರೆ, ಬುಟ್ಟಿ ಹೆಣೀತೀವಿ, ಕಷ್ಟ ಸುಖ ಮಾತಾಡ್ತೀವಿ. ಒಬ್ರ ಮನಸು ಒಬ್ರಿಗೆ ಗೊತ್ತು."

ನನಗೆ ಆದ ಸಂತೋಷ ಹೇಳಲಾರೆ. ಗುಂಪಿನೊಳಗೆ ತಾನಾಗಿ ಹುಟ್ಟುವ ನಾಯಕತ್ವದ ಬಗ್ಗೆ ಮೇಷ್ಟ್ರು ಇಡೀ ಒಂದು ವಾರ ಪಾಠ ಮಾಡಿದ್ದರು. ಅದರ ಉದಾಹರಣೆ ಇಲ್ಲಿ ನನ್ನ ಕಾಲ ಬಳಿ ಎಲೆ ಅಡಿಕೆ ಹಾಕಿಕೊಂಡು ಕೂತಿತ್ತು. 'ಇತರರ ಮೇಲಿನ ಪ್ರಭಾವ' ಎಂಬಲ್ಲಿ ಐದಕ್ಕೆ ಐದು ಕೊಟ್ಟೆ. ಕೆಳಗೆ ಷರಾ ಬರೆದೆ: ಇವಳು ಕೂತರೆ ಎಲ್ಲರೂ ಕೂರುತ್ತಾರೆ, ಇವಳು ಎದ್ದರೆ ಏಳುತ್ತಾರೆ. ಸಂಜೆ ಇವಳ ಅಂಗಳದಲ್ಲಿ ಹೆಂಗಸರು ಸೇರುತ್ತಾರೆ, ಮೇಸ್ತ್ರಿಗೆ ಇದು ತಿಳಿಯದು. ಈ ಶಕ್ತಿಯನ್ನು ಆಡಳಿತ ಗಮನಿಸಬೇಕು. ಎಲ್ಲವೂ ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ. ಕೆಂಪಿಯನ್ನು ಹೆಂಗಸರ ಮೇಲ್ವಿಚಾರಕಿ ಮಾಡುತ್ತಾರೆ ಎಂದುಕೊಂಡಿದ್ದೆ, ದೇವರಾಣೆ.

ಅವಳು ಕತ್ತು ಉದ್ದ ಮಾಡಿ ನೋಡಿದಳು. "ಏನು ಬರ್ದೆ ಚಿಕ್ಕವ್ವ? ಒಂದ್ಸಲ ಓದಿ ಹೇಳು."

ನಾನು ಹಾಳೆಯ ಮೇಲೆ ಅಂಗೈ ಮುಚ್ಚಿದೆ. "ಓದಬಾರದು ಕೆಂಪಿ. ಇದು ಗುಟ್ಟಾಗಿರಬೇಕು, ನಿಯಮ."

"ನನ್ನ ವಿಷ್ಯ ನಂಗೇ ಗುಟ್ಟಾ?" ಎಂದು ನಕ್ಕು, ಸೆರಗು ಕೊಡವಿಕೊಂಡು ಎದ್ದು ಹೋದಳು. ನಾನೂ ನಕ್ಕೆ.

ಮ್ಯಾನೇಜರು ಫಾರಂಗಳನ್ನೆಲ್ಲ ಚಹಾ ಕುಡಿಯುತ್ತ ಓದಿದರು. ಮಿಕ್ಕವನ್ನು ಗುಮಾಸ್ತನ ಕೈಗೆ ಕೊಟ್ಟು, ಒಂದನ್ನು ಮಾತ್ರ ಮಡಿಸಿ ಜೇಬಿಗಿಟ್ಟುಕೊಂಡರು. ಬಹಳ ಚೆನ್ನಾಗಿ ಬರೆದಿದ್ದೀಯ ಎಂದರು. ನಾನು ಉಬ್ಬಿಹೋದೆ. ಮೈಸೂರಿಗೆ ಮರಳಿ ವರದಿ ಒಪ್ಪಿಸಿದೆ, ತರಗತಿಗೇ ಹೆಚ್ಚು ಅಂಕ ನನಗೆ ಬಂತು.

ಮುಂದಿನ ರಜೆಗೆ ಬಂದಾಗ ಕೆಂಪಿ ಇರಲಿಲ್ಲ. ಅಪ್ಪ ಊಟಕ್ಕೆ ಕೂತು, ಸಾರಿಗೆ ಉಪ್ಪು ಕಡಿಮೆ ಎನ್ನುವ ದನಿಯಲ್ಲೇ ಹೇಳಿದರು. ಪೊಲೀಸರು ಅವಳನ್ನು ಬಿಡಾರಕ್ಕೆ ಕರೆದುಕೊಂಡು ಹೋಗಿ ಆರು ದಿನ ಇಟ್ಟುಕೊಂಡಿದ್ದರಂತೆ. ನಿನ್ನ ಅಂಗಳಕ್ಕೆ ಸಂಜೆ ಬರುವವರು ಯಾರು ಯಾರು ಎಂದು ಕೇಳಿದರಂತೆ. ತೋಟದವರು ಹೆಸರು ಹೊಡೆದುಹಾಕಿದರು. ಹೆದರಿದ ಹೆಂಗಸರು ಅವಳ ಅಂಗಳದ ಕಡೆ ತಲೆ ಹಾಕದಾದರು. ಅವಳು ತಿರುನೆಲ್ಲಿ ಕಡೆಯ ತಂಗಿಯ ಹಾಡಿಗೆ ಹೋಗಿಬಿಟ್ಟಳು.

"ನೀನು ಬರೆದದ್ದು ತುಂಬ ಉಪಯೋಗಕ್ಕೆ ಬಂತಂತೆ ಮಗಾ. ಇನ್ಸ್‌ಪೆಕ್ಟರೂ ಮೆಚ್ಚಿಕೊಂಡರು ಅಂತ ಮ್ಯಾನೇಜರು ಹೇಳಿದರು" ಎಂದರು ಅಪ್ಪ. ನಿಜವಾಗಿ ಹೆಮ್ಮೆಯಿಂದಲೇ ಹೇಳಿದರು.

ನಾನೇನು ಮಾಡಿದೆ ಎಂದು ನೀವು ಕೇಳಬಹುದು. ಅನ್ನ ಕಲಸಿಕೊಂಡು ಊಟ ಮಾಡಿದೆ. ಮ್ಯಾನೇಜರ ಬಳಿ ಹೋಗಿ ಅದು ಹಾಗಲ್ಲ, ಅವರು ಬುಟ್ಟಿ ಹೆಣೆಯುತ್ತಾರೆ ಅಷ್ಟೇ ಎಂದು ಹೇಳಲಿಲ್ಲ. ತಿರುನೆಲ್ಲಿಗೂ ಹೋಗಲಿಲ್ಲ. ಕಾರ್ಬನ್ ಪ್ರತಿಯನ್ನು ಟ್ರಂಕಿನ ತಳಕ್ಕೆ ಹಾಕಿ ಮೈಸೂರಿಗೆ ಹೋಗಿ, ಅದೇ ವಿದ್ಯೆಯಿಂದ ಕೆಲಸ ಸಂಪಾದಿಸಿ, ಜೀವಮಾನವಿಡೀ ಜನರಿಗೆ ಐದಕ್ಕೆ ಮೂರು, ಐದಕ್ಕೆ ನಾಲ್ಕು ಎಂದು ಕೊಟ್ಟುಕೊಂಡು ಬಂದೆ. ನಾಚಿಕೆಯಾಗುತ್ತದೆ ಎಂದು ಬರೆಯುವುದು ಸುಲಭ. ಆಗ ಬೇಕಾಗಿದ್ದದ್ದು ಒಂದು ಗಂಟೆಯ ಬಸ್ ಪ್ರಯಾಣ.

ನಡುವೆ ಒಮ್ಮೆ ಅವಳು ನನಗೆ ಸಿಕ್ಕಿದ್ದಳು. ಹತ್ತಿಪ್ಪತ್ತು ವರ್ಷದ ಮೇಲೆ, ಮಾನಂತವಾಡಿಯ ಬಸ್‌ಸ್ಟ್ಯಾಂಡಿನಲ್ಲಿ. ಬಲಗೈಯ ಮಣಿಕಟ್ಟು ಸೊಟ್ಟಗಿತ್ತು. "ಈ ಕೈ ಈಗ ಬಗ್ಗಲ್ಲ, ಬುಟ್ಟಿ ಹೆಣೆಯೋದು ಬಿಟ್ಟೆ" ಎಂದಳು. ಹೇಗಾಯಿತು ಎಂದು ನಾನು ಕೇಳಲಿಲ್ಲ. ಮಕ್ಕಳು ಮನೆ ಎಲ್ಲ ವಿಚಾರಿಸಿ, ಕೊನೆಗೆ ಅವಳೇ ಕೇಳಿದಳು. "ಅವತ್ತು ಏನು ಬರ್ದಿದ್ದೆ ಚಿಕ್ಕವ್ವ?"

"ಒಳ್ಳೇದೇ ಬರೆದಿದ್ದೆ ಕೆಂಪಿ."

ಅವಳು ಮಾತಾಡದೆ ನನ್ನ ಮುಖವನ್ನೇ ನೋಡಿದಳು. ಹತ್ತು ಎಣಿಸುವಷ್ಟು ಹೊತ್ತಾಗಿರಬೇಕು. ನಾನು ಆ ಖಾಲಿಯನ್ನು ತುಂಬಲಿಲ್ಲ, ನನಗೆ ತರಬೇತಿ ಇತ್ತಲ್ಲ. ಅಷ್ಟರಲ್ಲಿ ಬಸ್ಸು ಬಂತು.

ರೇಷ್ಮಳ ವಿಷಯಕ್ಕೆ ಬರುತ್ತೇನೆ. ಹುಡುಗಿ ಅಚ್ಚುಕಟ್ಟಾಗಿ ಕೇಳಿದಳು. ಕೆಲಸದಲ್ಲಿ ಯಾವುದಾದರೂ ತಪ್ಪು ಮಾಡಿದ್ದೀರಾ ಎಂದು ಕೇಳಿ ಸುಮ್ಮನೆ ಕಾದಳು, ಅವಳಿಗೂ ಅದನ್ನು ಕಲಿಸಿದ್ದಾರೆ. ನಾನು ಮುಂಗಾರು ತಡವಾದದ್ದನ್ನೂ ಕಾಳುಮೆಣಸಿಗೆ ರೋಗ ಬಂದದ್ದನ್ನೂ ಹೇಳಿದೆ. ಅವಳು ಏನೋ ಬರೆದುಕೊಂಡಳು.

"ಏನು ಬರೆದೆ? ಒಂದ್ಸಲ ಓದಿ ಹೇಳು" ಎಂದೆ.

ಅವಳು ಹಾಳೆಯ ಮೇಲೆ ಅಂಗೈ ಮುಚ್ಚಿ ನಕ್ಕಳು. "ಅದು ಹೇಳೋ ಹಾಗಿಲ್ಲ ಅಜ್ಜಿ."

ನಾನು ನಗಲಾರದೆ ಹೋದೆ. ನನ್ನ ಮೇಲೆ ಯಾರೋ ಏನೋ ಬರೆದಿದ್ದಾರೆ, ಅದು ನನಗೆ ಕಾಣಿಸುವುದಿಲ್ಲ. ಇಪ್ಪತ್ತರ ಹುಡುಗಿಯ ಕಾಲೇಜಿನ ಅಭ್ಯಾಸ ಅದು, ಅದರಿಂದ ನನಗಾಗುವ ಕೇಡೇನೂ ಇರಲಿಲ್ಲ. ಆದರೂ ಆ ಕೈಯನ್ನು ಹಿಡಿದು ಎಳೆಯಬೇಕು ಅನ್ನಿಸಿತು. ನನ್ನ ಮುಖ ನೋಡಿ ಅವಳೇ ಗಾಬರಿಯಾಗಿ ಪ್ಯಾಡು ನನ್ನ ಕಡೆ ತಿರುಗಿಸಿದಳು. 'ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ' ಎಂದು ಬರೆದಿದ್ದಳು. ಜಾಣೆ.

ಮರುದಿನ ಬೆಳಿಗ್ಗೆ ಟ್ರಂಕಿನ ತಳದ ಹಾಳೆ ತೆಗೆದು ಚೀಲಕ್ಕೆ ಹಾಕಿಕೊಂಡು ತಿರುನೆಲ್ಲಿ ಬಸ್ಸು ಹತ್ತಿದೆ. ಕೆಂಪಿ ಬದುಕಿರುವುದು ನನಗೆ ಗೊತ್ತಿತ್ತು, ಯಾವಾಗಲೂ ಗೊತ್ತಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅವಳ ಸೊಸೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ನಾನು ಮಂಡಿ ಹಿಡಿದುಕೊಂಡು ನೆಲಕ್ಕೇ ಕೂತೆ, ಕೂರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ನಿನ್ನನ್ನು ಪೊಲೀಸರು ಹಿಡಿದದ್ದು ನಾನು ಬರೆದ ಕಾಗದದಿಂದ ಎಂದು ಹೇಳಿದೆ.

"ಗೊತ್ತು ಚಿಕ್ಕವ್ವ. ಪೊಲೀಸಿನವ್ನು ಆ ಕಾಗದ ನೋಡ್ಕೊಂಡೇ ಕೇಳ್ತಿದ್ದ. ದುಂಡಕ್ಷರ ದೂರದಿಂದ್ಲೇ ಕಂಡಿತ್ತು." ಚಾಪೆಯ ಅಂಚು ಸರಿಮಾಡುತ್ತ ಹೇಳಿದಳು, "ಬಸ್‌ಸ್ಟ್ಯಾಂಡಲ್ಲಿ ನಾನು ಕೇಳಿದ್ನಲ್ಲ, ನೀನೇ ಹೇಳ್ತೀಯ ಅಂತ."

ನಾನು ಚೀಲದಿಂದ ಹಾಳೆ ತೆಗೆದೆ.

"ಇರ್ಲಿ. ಈಗ ಓದು."

ಇಂಗ್ಲಿಷಿನ ಒಂದೊಂದು ಸಾಲನ್ನೂ ನಮ್ಮ ಮಾತಿಗೆ ತಿರುಗಿಸಿ ಓದಿದೆ. ಹೆಸರು, ವಯಸ್ಸು, ಕೆಲಸ, ಐದಕ್ಕೆ ಐದು. ಅವಳು ಕಣ್ಣು ಮುಚ್ಚಿ ಕೇಳಿದಳು. ಇವಳು ಕೂತರೆ ಎಲ್ಲರೂ ಕೂರುತ್ತಾರೆ ಎಂಬಲ್ಲಿ ತಲೆದೂಗಿದಳು. ಸಂಜೆಯ ಅಂಗಳದ ಸಾಲು ಬಂದಾಗ ಕಣ್ಣು ತೆರೆದು, ಸೊಟ್ಟ ಕೈ ಎತ್ತಿ ನನ್ನನ್ನು ತಡೆದಳು.

"ಇದು ಬ್ಯಾಡ ಚಿಕ್ಕವ್ವ. ಇದನ್ನ ಹೊಡೆದ್ಹಾಕು."

ಚೀಲದಲ್ಲಿ ಪೆನ್ನು ಹುಡುಕಿ ತೆಗೆದು, ಆ ಸಾಲನ್ನು ಹೊಡೆದುಹಾಕಿದೆ. ಕೊನೆಯ ಅಕ್ಷರ ಮುಚ್ಚುವವರೆಗೂ ಅವಳು ಬಗ್ಗಿ ನೋಡುತ್ತಲೇ ಇದ್ದಳು.